ಆಕಾಶದಲ್ಲಿ ಅರ್ಧ ಗಂಟೆ, ಟಿಕೆಟ್ಟಿನಲ್ಲಿ ಒಂದೂಕಾಲು ಗಂಟೆ

ಚನ್ನಗಿರಿಯ ಅಡಿಕೆ ಮಂಡಿಯೊಂದರ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದಾಗ ಹಿರಿಯರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅವರ ಮೊಮ್ಮಗನಿಗೆ ಬೆಂಗಳೂರಿನಲ್ಲಿ ನೌಕರಿ. ಶಿವಮೊಗ್ಗಕ್ಕೆ ವಿಮಾನ ಬಂದ ಹೊಸತರಲ್ಲಿ ಹಬ್ಬಕ್ಕೆಂದು ಅದರಲ್ಲೇ ಊರಿಗೆ ಬಂದಿದ್ದನಂತೆ.

'ಏನಪ್ಪಾ ತಮ್ಮಾ, ನೀನು ಪೇಪರಿನೋನು. ಒಂದು ಲೆಕ್ಕ ಹೇಳು ನೋಡಾಣ. ಬೆಂಗಳೂರಿಂದ ಶಿವಮೊಗ್ಗಕ್ಕೆ ವಿಮಾನದಾಗೆ ಎಷ್ಟು ದೂರ?'

'ನೇರ ಗೆರೆ ಎಳೆದರೆ ಸುಮಾರು 240 ಕಿಲೋಮೀಟರ್ ಯಜಮಾನ್ರೇ.'

'ವಿಮಾನ ತಾಸಿಗೆ ಎಷ್ಟು ಹೋಗ್ತದೆ?'

'ಇಲ್ಲಿಗೆ ಬರೋದು ಸಣ್ಣ ವಿಮಾನ. ಐನೂರರ ಹತ್ತಿರ ಹೋಗುತ್ತೆ.'

'ಹಂಗಾದ್ರೆ ಅರ್ಧ ತಾಸು ಆಗ್ಬೇಕಲ್ಲ? ನಮ್ಮ ಹುಡುಗನ ಟಿಕೆಟ್ಟಿನಾಗೆ ಒಂದೂಕಾಲು ತಾಸು ಅಂತ ಬರದಿತ್ತು. ಉಳಿದ ಮುಕ್ಕಾಲು ತಾಸು ಅದು ಏನ್ ಮಾಡ್ತದೆ?'

ಸುತ್ತ ಕುಳಿತವರು ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ತಕ್ಷಣ ಹೊಳೆಯಲಿಲ್ಲ. ಆಮೇಲೆ ವಿಚಾರಿಸುತ್ತ ಹೋದಂತೆ ತಿಳಿದದ್ದು ಇಷ್ಟು: ಎರಡು ಊರುಗಳ ನಡುವೆ ಇರುವುದು ಒಂದು ದೂರವಲ್ಲ, ಮೂರು. ಆಕಾಶದ ದೂರ ಒಂದು, ನೆಲದ ದೂರ ಇನ್ನೊಂದು, ಇವೆರಡಕ್ಕೂ ಸೇರದ ಹೊತ್ತಿನ ದೂರ ಮತ್ತೊಂದು. ಮನೆಯಿಂದ ಹೊರಟವನಿಗೆ ಕೊನೆಗೆ ಲೆಕ್ಕಕ್ಕೆ ಬರುವುದು ಮೂರನೆಯದು.

ದಾರ ಹಿಡಿದು ಅಳೆದ ದೂರ

ಮೊದಲು ಆಕಾಶದ ದೂರ. ಭೂಮಿ ಚೆಂಡಿನಂತೆ ಗುಂಡಗಿರುವುದರಿಂದ ಅದರ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಎಂದರೆ ಭೂಮಿಯ ಮೈಗೆ ಅಂಟಿಕೊಂಡು ಬಾಗುವ ಒಂದು ಗೆರೆ. ಶಾಲೆಯ ಭೂಗೋಳದ ಮೇಲೆ ಎರಡು ಊರುಗಳಿಗೆ ಬೆರಳಿಟ್ಟು, ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಆ ಗೆರೆ ಸಿಗುತ್ತದೆ. ವಿಮಾನಯಾನದ ಪಟ್ಟಿಗಳಲ್ಲಿ 'ದೂರ' ಎಂದು ಬರೆದಿರುವುದು ಸಾಮಾನ್ಯವಾಗಿ ಈ ದಾರದ ಉದ್ದ.

ಇದನ್ನು ಲೆಕ್ಕ ಹಾಕುವುದು ಕಷ್ಟವೇನಲ್ಲ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಫ್ರಾನ್ಸಿನವರು 1790ರ ದಶಕದಲ್ಲಿ ಮೀಟರನ್ನು ಗೊತ್ತುಮಾಡಿದ್ದೇ ಹಾಗೆ. ಧ್ರುವದಿಂದ ಸಮಭಾಜಕ ವೃತ್ತದವರೆಗಿನ ಉದ್ದದ ಕೋಟಿಯಲ್ಲೊಂದು ಭಾಗ ಒಂದು ಮೀಟರ್ ಎಂದು. ಆ ಸುತ್ತಳತೆಯನ್ನು 360 ಡಿಗ್ರಿಗಳಿಗೆ ಹಂಚಿದರೆ ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಹತ್ತಿರವಾಗುತ್ತವೆ. ನಮ್ಮ ಸೀಮೆಯಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 108 ಕಿ.ಮೀ. ಒಂದು ಡಿಗ್ರಿಗೆ ಅರವತ್ತು ಮಿನಿಟುಗಳು. (ಇವು ಗಡಿಯಾರದ ಮಿನಿಟುಗಳಲ್ಲ, ಕೋನದ ಮಿನಿಟುಗಳು.)

ಚನ್ನಗಿರಿಯನ್ನೇ ತೆಗೆದುಕೊಳ್ಳೋಣ. ಊರು ಸುಮಾರು 14 ಡಿಗ್ರಿ 1 ಮಿನಿಟು ಉತ್ತರದಲ್ಲಿ, 75 ಡಿಗ್ರಿ 56 ಮಿನಿಟು ಪೂರ್ವದಲ್ಲಿದೆ. ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆ 13 ಡಿಗ್ರಿ 51 ಮಿನಿಟು ಉತ್ತರ, 75 ಡಿಗ್ರಿ 37 ಮಿನಿಟು ಪೂರ್ವ. ಅಂದರೆ ತೆಂಕಣಕ್ಕೆ 10 ಮಿನಿಟು, ಪಡುವಣಕ್ಕೆ 19 ಮಿನಿಟು. ಕಿಲೋಮೀಟರಿಗೆ ತಿರುಗಿಸಿದರೆ ಒಂದು ಬದಿ 18, ಇನ್ನೊಂದು ಬದಿ 34. ಇವೆರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 39 ಕಿ.ಮೀ. ಹೈಸ್ಕೂಲಿನಲ್ಲಿ ಪೈಥಾಗೊರಸನ ಹೆಸರಿನಲ್ಲಿ ಕಲಿತದ್ದು, ಬೌಧಾಯನನ ಶುಲ್ಬಸೂತ್ರದಲ್ಲೂ ಇರುವುದು ಇದೇ ಲೆಕ್ಕ. ದೂರದ ಊರುಗಳಿಗೆ ಭೂಮಿಯ ಬಾಗನ್ನು ಸೇರಿಸಿದ ದೊಡ್ಡ ಸೂತ್ರ ಬೇಕು. ನಮ್ಮ ಜಿಲ್ಲೆಯ ಮಟ್ಟಿಗೆ ಇಷ್ಟು ಸಾಕು.

ಹೊನ್ನಾಳಿಯವರಿಗೆ ಲೆಕ್ಕ ಇನ್ನೂ ಸುಲಭ. ಹೊನ್ನಾಳಿ ಮತ್ತು ಸೋಗಾನೆ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಒಂದರ ನೇರ ಉತ್ತರಕ್ಕೆ ಇನ್ನೊಂದು. ಅಕ್ಷಾಂಶದ ವ್ಯತ್ಯಾಸ ಸುಮಾರು 23 ಮಿನಿಟು. ಅಕ್ಷಾಂಶದ ಒಂದು ಮಿನಿಟಿನ ಉದ್ದವನ್ನೇ ನಾವಿಕರು ಒಂದು ನಾಟಿಕಲ್ ಮೈಲಿ ಎಂದು ಕರೆದರು. 1929ರಲ್ಲಿ ಅದನ್ನು 1,852 ಮೀಟರ್ ಎಂದು ನಿಗದಿ ಮಾಡಲಾಯಿತು. ಹಡಗಿನಿಂದ ವಿಮಾನಕ್ಕೂ ಅದೇ ಅಳತೆ ಬಂತು. ಪೈಲಟ್ಟುಗಳು ಇಂದಿಗೂ ದೂರವನ್ನು ನಾಟಿಕಲ್ ಮೈಲಿಯಲ್ಲೂ ವೇಗವನ್ನು 'ನಾಟ್' ಎಂಬ ಅಳತೆಯಲ್ಲೂ ಹೇಳುವುದು ಇದಕ್ಕೇ. ಹೀಗೆ ಹೊನ್ನಾಳಿಯಿಂದ ಸೋಗಾನೆಗೆ 23 ನಾಟಿಕಲ್ ಮೈಲಿ, ಅಂದರೆ ಸುಮಾರು 43 ಕಿ.ಮೀ. ನ್ಯಾಮತಿಯಿಂದ ಇನ್ನೂ ಹತ್ತಿರ, 33ರ ಆಸುಪಾಸು. ಜಗಳೂರಿನಿಂದ ಮಾತ್ರ 108 ಕಿ.ಮೀ.

ಇದೇ ರೀತಿ ಬೆಂಗಳೂರು ನಗರಕ್ಕೆ ಗೆರೆ ಎಳೆದು ನೋಡಿದಾಗ ಒಂದು ಸೋಜಿಗ ಕಂಡಿತು. ಜಿಲ್ಲೆಯ ಎರಡು ಬೇರೆ ಬೇರೆ ಮೂಲೆಗಳಲ್ಲಿರುವ ಚನ್ನಗಿರಿ ಮತ್ತು ಜಗಳೂರು ಎರಡೂ ರಾಜಧಾನಿಯಿಂದ ಬಹುತೇಕ ಸಮದೂರದಲ್ಲಿವೆ. 215ರಿಂದ 220 ಕಿ.ಮೀ. ಹೊನ್ನಾಳಿ ಮತ್ತು ನ್ಯಾಮತಿ 255ರ ಸುತ್ತಮುತ್ತ. ಒಂದು ಅಡಿಕೆ-ತೆಂಗಿನ, ಸೂಳೆಕೆರೆಯ ನೀರು ಕಂಡ ಸೀಮೆ. ಇನ್ನೊಂದು ಮಳೆಗಾಗಿ ಮೋಡ ನೋಡುವ ಬಯಲು. ಆಕಾಶದ ಗೆರೆಗೆ ಈ ಭೇದವಿಲ್ಲ. ಭೇದ ಶುರುವಾಗುವುದು ನೆಲಕ್ಕೆ ಇಳಿದ ಮೇಲೆ.

ನಲವತ್ತು ಮೈಲಿ ಕಳೆದುಹೋದ ಕಥೆ

ಇಂಥ ನೇರ ಗೆರೆಯ ದೂರ ನಮ್ಮ ಹಿರಿಯರಿಗೆ ಬೇಕಾಗಿರಲಿಲ್ಲ. ಅವರ ಅಳತೆಗಳೇ ಬೇರೆ. ಕೂಗಿದರೆ ಕೇಳುವಷ್ಟು ದೂರ ಕೂಗಳತೆ. ಮೂರು ಮೈಲಿಯಷ್ಟು ಹರದಾರಿ. ಅಂಥ ನಾಲ್ಕು ಹರದಾರಿ ಸೇರಿದರೆ ಒಂದು ಗಾವುದ. ಸೀಮೆಯಿಂದ ಸೀಮೆಗೆ ಇವು ಹಿಗ್ಗುತ್ತಿದ್ದವು, ಕುಗ್ಗುತ್ತಿದ್ದವು. ಏಕೆಂದರೆ ಅವು ಅಳೆಯುತ್ತಿದ್ದುದು ನೆಲದ ಉದ್ದಕ್ಕಿಂತ ಹೆಚ್ಚಾಗಿ ನಡೆಯುವವನ ಕಾಲನ್ನು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರುವರಿಯಲ್ಲಿ ಅಲ್ಲಿ ನಡೆಯುವ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದಲೂ ಬಂಜಾರರು ಬಂದು ಸೇರುತ್ತಾರೆ. ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖ್ಖನ್ನಿನ ಉದ್ದಗಲಕ್ಕೂ ಸಾಗಿಸುತ್ತಿದ್ದವರು ಇವರೇ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಧಾನ್ಯ ಒದಗಿಸಿದವರಲ್ಲೂ ಅವರಿದ್ದರು. ಆ ಪಯಣಗಳಲ್ಲಿ ದೂರ ಎಂದರೆ ಎತ್ತುಗಳು ಒಂದು ದಿನ ನಡೆಯುವಷ್ಟು, ಅದೂ ಮುಂದಿನ ಬಿಡಾರದಲ್ಲಿ ನೀರು, ಹುಲ್ಲು ಸಿಗುವಂತಿದ್ದರೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಹರಿಹರ, ದಾವಣಗೆರೆಗಳನ್ನೂ ಕಂಡ ಫ್ರಾನ್ಸಿಸ್ ಬುಕಾನನ್ ಸಹ ತನ್ನ ಪ್ರವಾಸವನ್ನು ದಿನದ ಪಯಣಗಳಾಗಿಯೇ ಬರೆದಿಟ್ಟಿದ್ದಾನೆ.

ಅದೇ ಸಮಯದಲ್ಲಿ ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ನೇರ ಗೆರೆಯ ಬೆನ್ನು ಹತ್ತಿದ್ದ. ಅವನು ವಿಲಿಯಂ ಲ್ಯಾಂಬ್ಟನ್. 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಿಡಿದು ಏಳು ಮೈಲಿಗೂ ತುಸು ಹೆಚ್ಚಿನ ಒಂದು ಗೆರೆಯನ್ನು ಅಳೆದ. 1802ರ ಏಪ್ರಿಲಿನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಇನ್ನೊಂದು ಗೆರೆ. ಒಂದು ಬದಿಯ ಉದ್ದ ಗೊತ್ತಿದ್ದರೆ, ಎರಡು ತುದಿಗಳಿಂದ ದೂರದ ಬೆಟ್ಟದ ನೆತ್ತಿಯನ್ನು ನೋಡಿ ಕೋನ ಅಳೆದರೆ, ಉಳಿದ ಎರಡು ಬದಿಗಳು ಲೆಕ್ಕದಲ್ಲೇ ಸಿಗುತ್ತವೆ. ಆ ಬದಿಯಿಂದ ಮತ್ತೊಂದು ತ್ರಿಕೋನ, ಅದರಿಂದ ಇನ್ನೊಂದು. ಅರ್ಧ ಟನ್ ತೂಗುವ ಥಿಯೋಡೊಲೈಟನ್ನು ಹೊತ್ತು ಬೆಟ್ಟದಿಂದ ಬೆಟ್ಟಕ್ಕೆ ಹೋಗುತ್ತ ಅವನ ತಂಡ ಮದರಾಸಿನಿಂದ ಮಂಗಳೂರಿನವರೆಗೆ ತ್ರಿಕೋನಗಳನ್ನು ಹೆಣೆಯಿತು.

ಫಲಿತಾಂಶ ಅಧಿಕಾರಿಗಳನ್ನು ಬೆಚ್ಚಿಬೀಳಿಸಿತು. ಅಲ್ಲಿಯವರೆಗಿನ ನಕ್ಷೆಗಳು ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ 400 ಮೈಲಿ ಎನ್ನುತ್ತಿದ್ದವು. ಲ್ಯಾಂಬ್ಟನ್ನನ ಲೆಕ್ಕದಲ್ಲಿ ಬಂದದ್ದು 360. ನಲವತ್ತು ಮೈಲಿ ನೆಲ ಕಾಗದದ ಮೇಲಿಂದ ಮಾಯವಾಗಿತ್ತು! ಸುತ್ತುಬಳಸಿನ ದಾರಿಗಳನ್ನು ನಡೆದು ಅಂದಾಜು ಮಾಡಿದ ದೂರಕ್ಕೂ ನೇರ ಗೆರೆಗೂ ಇದ್ದ ಅಂತರ ಅದು. ಇಂದು ಉಪಗ್ರಹಗಳ ನೆರವಿನಿಂದ ಕ್ಷಣಮಾತ್ರದಲ್ಲಿ ಸಿಗುವ ಆಕಾಶದ ದೂರಕ್ಕೆ ನಮ್ಮ ನಾಡಿನಲ್ಲಿ ಮೊದಲ ಗಟ್ಟಿ ಅಡಿಪಾಯ ಬಿದ್ದದ್ದು ಆ ಸರಪಳಿಯಿಂದ.

ಮುಕ್ಕಾಲು ಗಂಟೆ ಎಲ್ಲಿ ಹೋಯಿತು?

ಈಗ ಯಜಮಾನರ ಪ್ರಶ್ನೆಗೆ ಬರೋಣ. ಶಿವಮೊಗ್ಗದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು ಅದೇ ವರ್ಷ ಆಗಸ್ಟ್ 31ರಂದು, ಬೆಂಗಳೂರಿನಿಂದ. ಅಂದಿನ ವೇಳಾಪಟ್ಟಿಯಂತೆ ಬೆಂಗಳೂರು ಬಿಡುವುದು 9.50ಕ್ಕೆ, ಶಿವಮೊಗ್ಗ ಸೇರುವುದು 11.05ಕ್ಕೆ. ಮತ್ತೆ 11.25ಕ್ಕೆ ಹೊರಟು 12.25ಕ್ಕೆ ಬೆಂಗಳೂರು. ಹೋಗಲು ಒಂದೂಕಾಲು ಗಂಟೆ, ಬರಲು ಒಂದು ಗಂಟೆ.

ವಿಮಾನ ಎಟಿಆರ್ 72. ಎರಡು ದೊಡ್ಡ ಪಂಖಗಳಿರುವ, ಎಪ್ಪತ್ತೆಂಟರಷ್ಟು ಜನ ಕೂರುವ ಟರ್ಬೊಪ್ರಾಪ್. ಮೇಲೇರಿ ಸಮಗತಿಗೆ ಬಂದಾಗ ಗಂಟೆಗೆ ಸುಮಾರು 500 ಕಿ.ಮೀ. ವೇಗ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಸೋಗಾನೆಗೆ ನೇರ ದೂರ ಸುಮಾರು 238 ಕಿ.ಮೀ. ನಕ್ಷೆಯ ಮೇಲೆ ಗೆರೆ ಎಳೆದರೆ ತುಮಕೂರು, ಹುಳಿಯಾರು, ತರೀಕೆರೆ ಸೀಮೆಗಳ ಮೇಲಿಂದ ಹಾಯುತ್ತದೆ. ಭಾಗಾಕಾರ ಮಾಡಿದರೆ 28 ನಿಮಿಷ ಮಾತ್ರ.

ಗುಟ್ಟು ಇರುವುದು ಟಿಕೆಟ್ಟಿನ 'ಸಮಯ' ಎಂಬ ಮಾತಿನ ಅರ್ಥದಲ್ಲಿ. ಅದು ಗಾಳಿಯಲ್ಲಿದ್ದ ಸಮಯವಲ್ಲ. ನಿಂತ ವಿಮಾನದ ಚಕ್ರಗಳಿಗೆ ಒಡ್ಡಿದ ಅಡ್ಡಗಳನ್ನು ತೆಗೆದು ಅದು ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಮತ್ತೆ ಚಕ್ರಗಳಿಗೆ ಅಡ್ಡ ಒಡ್ಡುವವರೆಗಿನ ಸಮಯ. ಬಸ್ಸಿಗೆ ಹೋಲಿಸುವುದಾದರೆ, ಹೆದ್ದಾರಿಯಲ್ಲಿ ಓಡಿದ ಹೊತ್ತು ಮಾತ್ರವಲ್ಲ, ಮೆಜೆಸ್ಟಿಕ್ ನಿಲ್ದಾಣದ ಪ್ಲಾಟ್‌ಫಾರಂ ಬಿಟ್ಟು ಊರಿನ ಟ್ರಾಫಿಕ್ ದಾಟಿದ ಹೊತ್ತೂ ಸೇರಿದಂತೆ.

ಬಿಡಿಸಿ ನೋಡೋಣ. ಕೆಂಪೇಗೌಡ ನಿಲ್ದಾಣದಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ಎರಡು ರನ್‌ವೇಗಳಿವೆ. ನಿಂತ ಜಾಗದಿಂದ ರನ್‌ವೇಯ ತುದಿಗೆ ತೆವಳುತ್ತ ಹೋಗಿ, ಮುಂದಿನ ವಿಮಾನಗಳ ಹಿಂದೆ ಸರದಿಯಲ್ಲಿ ನಿಂತು ಹಾರುವಷ್ಟರಲ್ಲಿ ಹತ್ತು ಹದಿನೈದು ನಿಮಿಷ ಕಳೆದಿರುತ್ತದೆ. ವಿಮಾನ ಎದುರುಗಾಳಿಗೆ ಮುಖಮಾಡಿ ಏರುವುದು ವಾಡಿಕೆ. ಎದುರುಗಾಳಿ ರೆಕ್ಕೆಗೆ ಎತ್ತುವ ಬಲ ಕೊಡುತ್ತದೆ. ಬೆಂಗಳೂರಿನ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮುಂಗಾರಿನ ಪಶ್ಚಿಮದ ಗಾಳಿ ಬೀಸುವಾಗ ವಿಮಾನ ಪಶ್ಚಿಮಕ್ಕೇ ಏರಿ ಶಿವಮೊಗ್ಗದ ದಾರಿ ಹಿಡಿಯಬಹುದು. ಚಳಿಗಾಲದಲ್ಲಿ ಪೂರ್ವದಿಂದ ಗಾಳಿ ಬಂದರೆ ಮೊದಲು ಕೋಲಾರದ ಕಡೆಗೆ ಏರಿ ಆಮೇಲೆ ಹಿಂದಕ್ಕೆ ತಿರುಗಬೇಕು. ಅಲ್ಲಿ ಒಂದಿಷ್ಟು ನಿಮಿಷ.

ಏರುವಾಗ ವೇಗ ಐನೂರಿರುವುದಿಲ್ಲ, ಮುನ್ನೂರರ ಆಸುಪಾಸು. ಬೇಕಾದ ಎತ್ತರ ಮುಟ್ಟುವಷ್ಟರಲ್ಲಿ ಹಾದಿಯ ಗಣನೀಯ ಭಾಗ ಸವೆದಿರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಇಳಿಯುವ ತಯಾರಿ. ರನ್‌ವೇ ಸಮೀಪಿಸುವಾಗ ವೇಗ ಗಂಟೆಗೆ ಇನ್ನೂರಕ್ಕೆ ಬರುತ್ತದೆ. ಹೀಗಾಗಿ ಗಾಳಿಯಲ್ಲಿ ಕಳೆದದ್ದೇ ನಲವತ್ತು ನಿಮಿಷ. ಇಳಿದು ಬಂದು ನಿಲ್ಲಲು ಐದು ನಿಮಿಷ. ಮೇಲಿಂದ ಹತ್ತು ನಿಮಿಷ 'ಕೈಕಾಸು'. ಒಂದು ವಿಮಾನ ತಡವಾದರೆ ಅದರ ಮುಂದಿನ ಹಾರಾಟಗಳೆಲ್ಲ ತಡವಾಗುತ್ತವೆ. ಅದಕ್ಕೆಂದು ಕಂಪನಿಗಳು ವೇಳಾಪಟ್ಟಿಯಲ್ಲೇ ಒಂದಿಷ್ಟು ಸಡಿಲ ಬಿಟ್ಟಿರುತ್ತವೆ. ಎಲ್ಲ ಕೂಡಿಸಿ, ಯಜಮಾನರ ಮುಕ್ಕಾಲು ಗಂಟೆಗೆ ಲೆಕ್ಕ ಸಿಕ್ಕಿತು. ಮರಳುವಾಗ ಹದಿನೈದು ನಿಮಿಷ ಕಡಿಮೆ ಇಟ್ಟದ್ದೇಕೆ ಎಂಬುದನ್ನೂ ಊಹಿಸಬಹುದು. ಸೋಗಾನೆಯಲ್ಲಿ ಹೊರಡಲು ಸರದಿ ಕಾಯುವ ಪ್ರಮೇಯವಿಲ್ಲ.

ಇಷ್ಟು ಚಿಕ್ಕ ಹಾದಿಗೆ ವೇಗದ ಜೆಟ್ ಏಕಿಲ್ಲ ಎಂದು ಕೆಲವರು ಕೇಳುತ್ತಾರೆ. ಜೆಟ್ ಎಂಜಿನ್ನಿಗೆ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದ ತೆಳುಗಾಳಿಯಲ್ಲಿ ಮಾತ್ರ ಇಂಧನ ಉಳಿತಾಯ. ಈ ದೂರದಲ್ಲಿ ಅಲ್ಲಿಗೇರಿ ನೆಲೆಗೊಳ್ಳುವಷ್ಟರಲ್ಲಿ ಇಳಿಯಬೇಕು. ವೇಗ ಹೆಚ್ಚಿದ್ದರೂ ಉಳಿಯುವುದು ಐದಾರು ನಿಮಿಷ, ಖರ್ಚು ಮಾತ್ರ ಜಾಸ್ತಿ. 2003ರಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಹುಬ್ಬಳ್ಳಿಯಂಥ ಊರುಗಳಿಗೆ ಅಗ್ಗದ ದರದ ಹಾರಾಟ ಆರಂಭಿಸಿದಾಗ ನೆಚ್ಚಿಕೊಂಡದ್ದೂ ಎಟಿಆರ್ ವಿಮಾನವನ್ನೇ.

ದೂರ ಹೆಚ್ಚಿದಷ್ಟೂ ವೇಗ ಹೆಚ್ಚು

ಇದರ ಇನ್ನೊಂದು ತುದಿಯನ್ನು ನೋಡಿ. 2021ರ ಜನವರಿ 11ರ ನಸುಕಿನಲ್ಲಿ ಮಹಿಳಾ ಪೈಲಟ್ಟುಗಳೇ ನಡೆಸಿದ ಏರ್ ಇಂಡಿಯಾ ವಿಮಾನವೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂದಿಳಿಯಿತು. ನೇರ ದೂರ ಸುಮಾರು 14,000 ಕಿ.ಮೀ. ಹಿಡಿದ ಸಮಯ ಹದಿನೇಳು ಗಂಟೆಗಳ ಆಸುಪಾಸು. ಗೋಡೆಯ ನಕ್ಷೆಯಲ್ಲಿ ಈ ಎರಡು ಊರುಗಳ ನಡುವೆ ಗೆರೆ ಎಳೆದರೆ ಅದು ಸಾಗರದ ಮೇಲೆ ಅಡ್ಡಡ್ಡವಾಗಿ ಹೋಗುತ್ತದೆ. ಭೂಗೋಳದ ಮೇಲೆ ದಾರ ಎಳೆದರೆ ಅದು ಉತ್ತರ ಧ್ರುವದ ಹತ್ತಿರ ಹಾಯುತ್ತದೆ. ವಿಮಾನ ಬಂದದ್ದೂ ಧ್ರುವದ ದಾರಿಯಲ್ಲೇ. ನಕ್ಷೆ ಚಪ್ಪಟೆ, ಭೂಮಿ ಗುಂಡು. ದಾರ ಸುಳ್ಳು ಹೇಳುವುದಿಲ್ಲ.

ಈಗ ಎರಡು ಪ್ರಯಾಣಗಳ ಸರಾಸರಿ ನೋಡಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂದವರು ಗಂಟೆಗೆ ಸುಮಾರು 820 ಕಿ.ಮೀ. ಸಾಗಿದರು. ಶಿವಮೊಗ್ಗಕ್ಕೆ ಬಂದ ನಮ್ಮ ಯಜಮಾನರ ಮೊಮ್ಮಗ ಸಾಗಿದ್ದು 190 ಕಿ.ಮೀ. ವಿಮಾನದ ವೇಗದ ವ್ಯತ್ಯಾಸ ಇದಕ್ಕೆ ಸ್ವಲ್ಪ ಮಾತ್ರ ಕಾರಣ. ನೆಲದ ಮೇಲಿನ ಓಡಾಟ, ಏರಿಕೆ, ಇಳಿಕೆಗಳ ಖರ್ಚು ದೂರ ಎಷ್ಟೇ ಇರಲಿ ಹೆಚ್ಚುಕಡಿಮೆ ಅಷ್ಟೇ. ಉದ್ದ ಪ್ರಯಾಣದಲ್ಲಿ ಅದು ಗೊತ್ತೇ ಆಗುವುದಿಲ್ಲ. ಗಿಡ್ಡ ಪ್ರಯಾಣದಲ್ಲಿ ಅದೇ ದೊಡ್ಡ ಪಾಲು.

ಗಾಳಿಯ ಮಾತೂ ಹಾಗೆಯೇ. ಗಂಟೆಗೆ 50 ಕಿ.ಮೀ. ಎದುರುಗಾಳಿ ಇದ್ದರೆ ಶಿವಮೊಗ್ಗದ ಹಾದಿಯಲ್ಲಿ ಮೂರ್ನಾಲ್ಕು ನಿಮಿಷ ಏರುಪೇರಾದೀತು. ದೂರದ ಪ್ರಯಾಣದಲ್ಲಿ ಅದೇ ಗಂಟೆಗಳ ಮಾತು. ಉತ್ತರ ಭಾರತದ ಮೇಲೆ ಚಳಿಗಾಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಹೊಳೆ ಹರಿಯುತ್ತದೆ. ನಮ್ಮ ಮೇಲೆ ಮುಂಗಾರಿನ ತಿಂಗಳುಗಳಲ್ಲಿ ಅದಕ್ಕೆ ವಿರುದ್ಧವಾಗಿ ಪೂರ್ವದಿಂದ ಪಶ್ಚಿಮಕ್ಕೆ ಒಂದು ಗಾಳಿಹೊಳೆ ಸುಮಾರು 15 ಕಿ.ಮೀ. ಎತ್ತರದಲ್ಲಿ ಹರಿಯುತ್ತದೆ. ಇದನ್ನು 1950ರ ದಶಕದಲ್ಲಿ ಜಗತ್ತಿಗೆ ವಿವರಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಒಂದೇ ಎರಡು ಊರುಗಳ ನಡುವೆ ಹೋಗುವ ಹೊತ್ತೂ ಬರುವ ಹೊತ್ತೂ ಬೇರೆಯಾಗಲು ಇಂಥ ಗಾಳಿಗಳೂ ಕಾರಣ.

ನಾಲ್ಕು ತಾಲ್ಲೂಕು, ನಾಲ್ಕು ಲೆಕ್ಕ

ಇನ್ನು ನಮ್ಮ ಮನೆಬಾಗಿಲಿನ ಲೆಕ್ಕ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ 2017-18ರಲ್ಲಿ ತಾಲ್ಲೂಕಾಯಿತು. ಜಿಲ್ಲೆಯ ಗಡಿ ಬದಲಾದರೂ ಊರುಗಳು ಇದ್ದಲ್ಲೇ ಇವೆ. ಹಾಗಾಗಿ ಶಿವಮೊಗ್ಗದ ವಿಮಾನ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಗೆ ನಾಲ್ಕು ಥರ ಒದಗುತ್ತದೆ.

ಸೋಗಾನೆ ನಿಲ್ದಾಣದ ಬಾಗಿಲಿನಿಂದ ಬೆಂಗಳೂರಿನ ಮೆಜೆಸ್ಟಿಕ್ಕಿಗೆ ಎಷ್ಟು ಹೊತ್ತು? ವಿಮಾನಕ್ಕೆ ಮುಂಚೆ ಕನಿಷ್ಠ ಒಂದು ಗಂಟೆ ಅಲ್ಲಿರಬೇಕು. ಹಾರಾಟ ಒಂದು ಗಂಟೆ. ಇಳಿದು, ಸಾಮಾನು ಪಡೆದು ಹೊರಬರಲು ಇಪ್ಪತ್ತು ನಿಮಿಷ. ದೇವನಹಳ್ಳಿಯಿಂದ ಊರೊಳಕ್ಕೆ ಒಂದೂಕಾಲು ಗಂಟೆ. ಒಟ್ಟು ಮೂರು ಗಂಟೆ ಮೂವತ್ತೈದು ನಿಮಿಷ. ಇದಕ್ಕೆ ನಮ್ಮ ಊರಿನಿಂದ ಸೋಗಾನೆಗೆ ಹೋಗುವ ಹೊತ್ತನ್ನು ಸೇರಿಸಬೇಕು.

ನ್ಯಾಮತಿಯವರಿಗೆ ಸೋಗಾನೆ ಐವತ್ತು ನಿಮಿಷದ ದಾರಿ. ಒಟ್ಟು ನಾಲ್ಕೂವರೆ ಗಂಟೆಯೊಳಗೆ ಮೆಜೆಸ್ಟಿಕ್. ಕಾರಿನಲ್ಲಿ ನೇರ ಹೋದರೆ ಐದೂವರೆಯಿಂದ ಆರು ಗಂಟೆ. ಅಂದರೆ ಒಂದು ಗಂಟೆಗೂ ಮೀರಿ ಲಾಭ. ಹೊನ್ನಾಳಿಯಿಂದ ವಿಮಾನದಲ್ಲಿ ಐದು ಗಂಟೆಗೆ ತುಸು ಕಡಿಮೆ, ದಾವಣಗೆರೆಗೆ ಬಂದು ಹೆದ್ದಾರಿ ಹಿಡಿದರೆ ಐದು ಗಂಟೆಗೆ ತುಸು ಹೆಚ್ಚು. ಹೆಚ್ಚುಕಡಿಮೆ ಸರಿಸಮ. ಚನ್ನಗಿರಿಯಿಂದ ಸೋಗಾನೆಗೆ ನೇರ ಗೆರೆ 39 ಕಿ.ಮೀ. ಇದ್ದರೂ ಭದ್ರಾವತಿಯ ಮೇಲೆ ಸುತ್ತಿ, ಭದ್ರಾ ಹೊಳೆ ದಾಟಿ ಹೋಗುವ ರಸ್ತೆ ಐವತ್ತರ ಆಸುಪಾಸು. ಹೊತ್ತು ಒಟ್ಟು ನಾಲ್ಕೂಮುಕ್ಕಾಲು ಗಂಟೆ. ನೆಲದ ಮೇಲೆಯೂ ಅಷ್ಟೇ. ಲಾಭವೂ ಇಲ್ಲ, ನಷ್ಟವೂ ಇಲ್ಲ.

ಜಗಳೂರಿನ ಲೆಕ್ಕ ಬೇರೆಯೇ. ಅಲ್ಲಿಂದ ಸೋಗಾನೆಗೆ ರಸ್ತೆಯಲ್ಲಿ ನೂರೈವತ್ತು ಕಿ.ಮೀ., ಮೂರು ಗಂಟೆ. ಒಟ್ಟು ಆರೂವರೆ ಗಂಟೆ. ಸುಮ್ಮನೆ ಚಿತ್ರದುರ್ಗದ ಮೇಲೆ ಹೆದ್ದಾರಿ ಹಿಡಿದರೆ ನಾಲ್ಕೂವರೆ ಗಂಟೆಯಲ್ಲಿ ಬೆಂಗಳೂರು! ಆಕಾಶಮಾರ್ಗದಲ್ಲಿ ಅವರಿಗೆ ಹತ್ತಿರದ ನಿಲ್ದಾಣ ಶಿವಮೊಗ್ಗವಲ್ಲ, ತೋರಣಗಲ್ಲಿನ ಬಳಿಯ ವಿದ್ಯಾನಗರ. ನೇರ ದೂರ 80 ಕಿ.ಮೀ. 2017ರಲ್ಲಿ 'ಉಡಾನ್' ಯೋಜನೆಯಡಿ ಅಲ್ಲಿಂದ ಹೈದರಾಬಾದಿಗೆ ಹಾರಾಟ ಶುರುವಾಯಿತು. ಆದರೆ ಬೆಂಗಳೂರಿಗೆ ಹೋಗುವ ಜಗಳೂರಿನವರು ಮೊದಲು ಉತ್ತರಕ್ಕೆ ಹೋಗಿ ಆಮೇಲೆ ದಕ್ಷಿಣಕ್ಕೆ ಹಾರುವುದು ಯಾವ ನ್ಯಾಯ?

ಇವೆಲ್ಲ ಅಂದಾಜಿನ ಸಮಯಗಳು. ದಿನದ ಟ್ರಾಫಿಕ್ಕಿನಂತೆ ಅರ್ಧ ಗಂಟೆ ಹಿಂದೆಮುಂದೆ ಆಗಬಹುದು. ಬೆಳಗಿನ ಮಂಜು, ಮಲೆನಾಡ ಸೆರಗಿನ ಮಳೆಮೋಡಗಳಿಂದ ಹಾರಾಟ ರದ್ದಾದ ದಿನಗಳೂ ಇವೆ. ಆದರೂ ತಾತ್ಪರ್ಯ ಬದಲಾಗದು. ವಿಮಾನಕ್ಕೆ ಮುಂಚಿನ, ಆಮೇಲಿನ ನೆಲದ ಕೆಲಸಗಳಿಗೆಂದು ನಾಲ್ಕು ಗಂಟೆ ಮತ್ತೊಂದಿಷ್ಟು ನಿಮಿಷ ಹಿಡಿದು, ರಸ್ತೆಯ ವೇಗ ಗಂಟೆಗೆ 60 ಕಿ.ಮೀ. ಎಂದು ಲೆಕ್ಕ ಹಾಕಿದರೆ, ವಿಮಾನ ಮತ್ತು ಕಾರು ಸರಿಸಮವಾಗುವುದು ಸುಮಾರು 240 ಕಿ.ಮೀ. ನೇರ ದೂರದಲ್ಲಿ. ಬೆಂಗಳೂರು-ಶಿವಮೊಗ್ಗದ ದೂರವೂ ಅಷ್ಟೇ! ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದನ್ನು ಆಕಾಶವಲ್ಲ, ಮನೆಯಿಂದ ನಿಲ್ದಾಣಕ್ಕಿರುವ ರಸ್ತೆ ತೀರ್ಮಾನಿಸುತ್ತದೆ.

ಬೆಂಗಳೂರಿನಾಚೆ

ಹಾಗಾದರೆ ವಿಮಾನ ನಿಲ್ದಾಣದಿಂದ ಈ ತಾಲ್ಲೂಕುಗಳಿಗೆ ಏನೂ ಬಂದಿಲ್ಲವೆ? ಬಂದಿದೆ, ಆದರೆ ನಾವು ನೋಡುತ್ತಿರುವ ದಿಕ್ಕಿನಲ್ಲಲ್ಲ. 2023ರ ನವೆಂಬರಿನಲ್ಲಿ ಶಿವಮೊಗ್ಗದಿಂದ ಹೈದರಾಬಾದ್, ತಿರುಪತಿ, ಗೋವಾಗಳಿಗೆ ಹಾರಾಟ ಆರಂಭವಾಯಿತು. ಹೈದರಾಬಾದಿಗೆ ನೇರ ದೂರ ಸುಮಾರು 480 ಕಿ.ಮೀ. ರಸ್ತೆಯಲ್ಲಿ ಆರುನೂರರ ಆಸುಪಾಸು, ಬಸ್ಸಿನಲ್ಲಿ ಒಂದು ರಾತ್ರಿ ಪೂರ್ತಿ. ನೆಲದ ಕೆಲಸಗಳ ಹೊತ್ತು ಅಷ್ಟೇ ಇದ್ದು ದೂರ ಇಮ್ಮಡಿಯಾದ್ದರಿಂದ ಇಲ್ಲಿ ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಮೂರಕ್ಕೂ ಐದಾರು ಗಂಟೆಗಳ ಲಾಭ. ಸೂರಗೊಂಡನಕೊಪ್ಪಕ್ಕೆ ಹೈದರಾಬಾದಿನ ಕಡೆಯಿಂದ ಬರುವ ಭಕ್ತರಿಗೆ, ದೊಡ್ಡ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆಯವರಿಗೆ ಇದು ಸಣ್ಣ ಮಾತಲ್ಲ. ಒಂದೇ ತೊಡಕೆಂದರೆ ಇಂಥ ಹಾರಾಟಗಳು ವಾರದ ಎಲ್ಲ ದಿನಗಳಲ್ಲೂ ಇರಬೇಕೆಂದಿಲ್ಲ, ಋತುವಿನಿಂದ ಋತುವಿಗೆ ವೇಳಾಪಟ್ಟಿ ಬದಲಾಗುತ್ತದೆ. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು.

ದಾವಣಗೆರೆಗೂ ಒಂದು ವಿಮಾನ ನಿಲ್ದಾಣ ಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಅದರ ಪರ-ವಿರೋಧ ಇಲ್ಲಿಯ ವಿಷಯವಲ್ಲ. ಆದರೆ ಚರ್ಚೆ ಮಾಡುವವರು ಈ ಲೆಕ್ಕವನ್ನು ಎದುರಿಗಿಟ್ಟುಕೊಳ್ಳಬೇಕು. ಬೆಂಗಳೂರಿಗೆ ಹೋಗಲಷ್ಟೇ ಆದರೆ ಹೆದ್ದಾರಿಯ ಬಸ್ಸೂ ರೈಲೂ ಈಗಲೇ ಅದಕ್ಕೆ ಸಮಜೋಡಿ. ದೂರದ ಊರುಗಳಿಗೆ ನೇರ ಹಾರಾಟವಿದ್ದರೆ ಮಾತ್ರ ಹೊತ್ತು ಉಳಿಯುತ್ತದೆ. ಆಗ ಹೆಚ್ಚು ಲಾಭ ಪಡೆಯುವ ತಾಲ್ಲೂಕು ಈಗ ಎಲ್ಲಕ್ಕಿಂತ ದೂರದಲ್ಲಿ ಉಳಿದಿರುವ ಜಗಳೂರು.

ಮುಂದಿನ ವಾರ ಚನ್ನಗಿರಿಗೆ ಹೋದಾಗ ಯಜಮಾನರಿಗೆ ಈ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಸಮಾಧಾನದಿಂದ ಕೇಳಿದರು. ಸರಪಳಿಯ ಕಥೆ, ಗಾಳಿಹೊಳೆಯ ಕಥೆಗಿಂತ ಅವರಿಗೆ ಇಷ್ಟವಾದದ್ದು ಕೊನೆಯ ಕೂಡುಲೆಕ್ಕ.

'ಅಂದ್ರೆ ಇಲ್ಲಿಂದ ಬೆಂಗ್ಳೂರಿಗೆ ವಿಮಾನನೂ ಅಷ್ಟೇ, ಕಾರೂ ಅಷ್ಟೇ ಅನ್ನು.'

'ಹೌದು ಯಜಮಾನ್ರೇ, ಚನ್ನಗಿರಿಯಿಂದ ಹೆಚ್ಚುಕಮ್ಮಿ ಅಷ್ಟೇ.'

'ನಮ್ಮಪ್ಪ ಗಾಡಿ ಕಟ್ಟಿಕೊಂಡು ಶಿವಮೊಗ್ಗಕ್ಕೆ ಹೋಗೋರು. ಎಷ್ಟು ದೂರ ಅಂತ ಕೇಳಿದ್ರೆ, ಬೆಳ್ಳಿ ಮೂಡಿದಾಗ ಹೊರಟ್ರೆ ಸಂಜೆ ದೀಪದ ಹೊತ್ತಿಗೆ ಅನ್ನೋರು. ಮೈಲಿ ಹೇಳ್ತಿರ್ಲಿಲ್ಲ.' ಒಂದು ಕ್ಷಣ ಸುಮ್ಮನಿದ್ದು ನಕ್ಕರು. 'ಅವರ ಲೆಕ್ಕನೇ ಸರಿ ಇತ್ತು ನೋಡು.'